ಅಪ್ಪಾಜಿಯ ಪುಕ್ಕದ ಗಾಳಗಳು

ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಮೈಸೂರು ಬಿಟ್ಟು ಹೊರಟಿದ್ದ ಕಾಲವದು. ಯಾದವಗಿರಿಯ ಬಂಗಲೆಗಳ ಸಾಮಾನು ಹರಾಜಿಗೆ ಬರುತ್ತಿತ್ತು. ಜನ ಕುರ್ಚಿ, ಬೀರು, ಗಡಿಯಾರ ಹೊತ್ತು ತಂದರೆ, ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಅಪ್ಪಾಜಿ ತಂದದ್ದು ಮೀನಿನ ಗಾಳ. ಅದೂ ಕೊರಳಲ್ಲಿ ಲಿಂಗ ಧರಿಸಿದ, ಮೊಟ್ಟೆಯನ್ನೂ ಮುಟ್ಟದ ಮನೆಗೆ.

"ಮೀನು ತಿನ್ನದೋನಿಗೆ ಗಾಳ ಯಾಕಪ್ಪ?" ಎಂದು ಅಜ್ಜಿ ಕೇಳಿದಾಗಲೆಲ್ಲ ಅಪ್ಪಾಜಿ ನಕ್ಕುಬಿಡುತ್ತಿದ್ದರು.

ಅವು ಎರೆಹುಳು ಚುಚ್ಚುವ ಗಾಳಗಳಲ್ಲ. ಸಣ್ಣ ಕೊಕ್ಕೆಯ ಮೇಲೆ ಬಣ್ಣದ ಪುಕ್ಕ, ರೇಷ್ಮೆ ದಾರ ಸುತ್ತಿ ನೊಣದ ಹಾಗೆ ಕಟ್ಟಿದವು. ಭಾನುವಾರ ಬೆಳಿಗ್ಗೆ ಅಪ್ಪಾಜಿ ಕಿಟಕಿಯ ಪಕ್ಕ ಕೂತು ತಗಡಿನ ಡಬ್ಬಿ ತೆರೆದರೆ ಕರ್ಪೂರದ ವಾಸನೆ ಬರುತ್ತಿತ್ತು. ಹುಳು ಹಿಡಿಯದಿರಲೆಂದು ಇಟ್ಟದ್ದು. "ಬಾರಮ್ಮ ಇಲ್ಲಿ. ಮೀನು ಇದನ್ನ ನೊಣ ಅಂತ ನಂಬ್ಬೇಕು. ಎಷ್ಟು ತಾಳ್ಮೆಯಿಂದ ಕಟ್ಟಿದಾನೆ ನೋಡು, ಪುಣ್ಯಾತ್ಮ" ಎನ್ನುತ್ತಿದ್ದರು. ಮನೆಯಲ್ಲಿ ಹೆಚ್ಚು ಮಾತಾಡದ ಮನುಷ್ಯ ಆಗ ಮಾತ್ರ ಒಂದೇ ಸಮನೆ ಮಾತಾಡುತ್ತಿದ್ದರು.

ನನಗೆ ಎಂಟು ವರ್ಷವಾಗಿದ್ದಾಗಿನ ದಸರೆಯಲ್ಲಿ ಪಟ್ಟದ ಗೊಂಬೆಯ ರಾಜನ ಪೇಟಕ್ಕೆ ತುರಾಯಿ ಬೇಕಾಯಿತು. ಅಪ್ಪಾಜಿಯ ಡಬ್ಬಿ ತೆಗೆದುಕೊಂಡು ಬಂದೆ. ಅಜ್ಜಿ ತಡೆದರು. "ಜೀವ ತೆಗೆಯೋ ವಸ್ತು ಪೂಜೆ ಮಾಡೋ ಗೊಂಬೆಗೆ ಬ್ಯಾಡ ಕಣಮ್ಮ. ಆ ಮುಳ್ಳು ಮುರಿದ್ಬುಡು. ಆಮೇಲೆ ಬರೀ ಪುಕ್ಕ ತಾನೆ?"

ಸರಿಯೆನಿಸಿತು. ಅಜ್ಜಿಯ ಅಡಕತ್ತರಿಯಲ್ಲಿ ಒಂದೊಂದನ್ನೇ ಮುರಿದೆ. ರಾಜನಿಗಷ್ಟೇ ಸಾಲದೆಂದು ರಾಣಿಗೆ, ಆನೆಗೆ, ಸಿಪಾಯಿಗಳಿಗೆಲ್ಲ ಸಿಕ್ಕಿಸಿದೆ. ಡಬ್ಬಿ ಬರಿದಾಯಿತು.

ಸಂಜೆ ಅಪ್ಪಾಜಿ ಬಂದಾಗ ನೆರೆಮನೆಯ ಮಕ್ಕಳು ಚಕ್ಕುಲಿ ತಿನ್ನುತ್ತಾ ಗೊಂಬೆ ನೋಡುತ್ತಿದ್ದರು. ಅಪ್ಪಾಜಿಯೂ ನೋಡಿದರು. ಮಕ್ಕಳೆಲ್ಲ ಹೋಗುವವರೆಗೆ ಕಾದು, "ಕೊಕ್ಕೆಗಳೆಲ್ಲಮ್ಮ?" ಎಂದರು. ಅಂಗೈಯಲ್ಲಿ ತಂದು ತೋರಿಸಿದೆ.

"ತಿರುಗಾ ಅಂಟಿಸಕ್ಕಾಗಲ್ವಾ ಅಪ್ಪಾಜಿ?"

"ಇಲ್ಲ ಕಣಮ್ಮ. ಅದನ್ನ ಕಟ್ಟಿದೋನು ಆ ಮುಳ್ಳಿಗೋಸ್ಕರಾನೇ ಅಷ್ಟೆಲ್ಲ ಮಾಡಿದ್ದು."

"ಮಗೀಗೇನ್ ಗೊತ್ತು, ನಾನೇ ಹೇಳ್ದೆ ಬುಡು" ಎಂದರು ಅಜ್ಜಿ. ಅಪ್ಪಾಜಿ ಬೈಯಲಿಲ್ಲ. ಕೈಕಾಲು ತೊಳೆದು ಊಟಕ್ಕೆ ಕೂತರು. ಆಮೇಲೆ ಅವರು ಹರಾಜಿಗೆ ಹೋಗಲಿಲ್ಲ. ಭಾನುವಾರ ಪೇಪರ್ ಓದತೊಡಗಿದರು. ನಾನು ಪಕ್ಕದಲ್ಲಿ ಹೋಗಿ ಕೂತರೂ ಪುಟ ತಿರುವುತ್ತಲೇ ಇರುತ್ತಿದ್ದರು.

ಬೈದು ನಾಲ್ಕು ಏಟು ಕೊಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂಥ ಗಾಳಗಳು ಈಗಲೂ ಹುಡುಕಿದರೆ ಎಲ್ಲಾದರೂ ಸಿಕ್ಕಾವು. ಅಪ್ಪಾಜಿ ಆಮೇಲೆ ಮೂವತ್ತು ವರ್ಷ ಬದುಕಿದ್ದರು. ನಮಗೆ ಬೇಕಾದ್ದನ್ನೆಲ್ಲ ತಂದುಕೊಟ್ಟರು. ತಮಗೆ ಇಂಥದ್ದು ಇಷ್ಟ ಎಂದು ಮತ್ತೆ ಯಾವುದನ್ನೂ ತೋರಿಸಲಿಲ್ಲ. "ಅಜ್ಜಿ, ನಿಮ್ಮಪ್ಪನಿಗೆ ಏನಿಷ್ಟ ಇತ್ತು?" ಎಂದು ಮೊನ್ನೆ ಮೊಮ್ಮಗಳು ಕೇಳಿದಳು. ನನಗೆ ಗೊತ್ತಿರುವುದು ಒಂದೇ. ಅದನ್ನು ನನ್ನ ಕೈಯಾರೆ ಮುರಿದಿದ್ದೆ.