ಕೈ ಇಟ್ಟ ಹೊತ್ತನ್ನು ಬರೆಯುವಾಕೆ

ಹಾಸನದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೆಳಗಿನ ಈ ಹೊತ್ತಿಗೆ ಹಾಲಿನವರ ಸೈಕಲ್ಲುಗಳದೇ ಓಡಾಟ. ಮಹಡಿಯ ಮೇಲಿನ ಫಿಸಿಯೋಥೆರಪಿ ಕ್ಲಿನಿಕ್ಕಿನ ಶಟರು ಎತ್ತಿದ ಸದ್ದು ಕೇಳಿದರೆ ಪ್ರೇಮಕುಮಾರಿ ಬಂದರೆಂದೇ ಅರ್ಥ. ಶಾಂತಿಗ್ರಾಮದಿಂದ ಮೊದಲ ಬಸ್ಸಿಗೆ ಬಂದವರು ಕಸ ಗುಡಿಸಿ, ಶಾಖ ಕೊಡಲು ಮೇಣ ಕರಗಿಸುವ ತೊಟ್ಟಿಯ ಸ್ವಿಚ್ಚು ಹಾಕಿ, ಮಂಚಗಳಿಗೆ ಒಗೆದ ಬಟ್ಟೆ ಹಾಸುತ್ತಾರೆ. ಆಮೇಲೆ ಕೈ ತೊಳೆದು ನಿಜವಾದ ಕೆಲಸಕ್ಕೆ ಕೂರುತ್ತಾರೆ. ಪರದೆಯ ಪಕ್ಕ ಒಂದು ಸ್ಟೂಲು, ತೊಡೆಯ ಮೇಲೆ ರಟ್ಟಿಗೆ ಸಿಕ್ಕಿಸಿದ ಹಾಳೆ, ಎದುರಿಗೆ ಗೋಡೆ ಗಡಿಯಾರ.

ಪರದೆಯ ಆಚೆ ಫಿಸಿಯೋಥೆರಪಿಸ್ಟ್ ಶ್ರೀಗೌರಿಯವರು ರೋಗಿಯ ಭುಜದ ಮೇಲೆ ಕೈ ಇಟ್ಟು, "ಶುರು ಪ್ರೇಮಾ" ಎನ್ನುತ್ತಾರೆ. ಪ್ರೇಮಕುಮಾರಿ ಗಡಿಯಾರ ನೋಡಿ ಬರೆದುಕೊಳ್ಳುತ್ತಾರೆ. ಎರಡೂ ಕೈಗೆ ಎಣ್ಣೆ ಮೆತ್ತಿಕೊಂಡವರು ಪೆನ್ನು ಹಿಡಿಯುವುದಾದರೂ ಹೇಗೆ? ಎಲ್ಲಿ ಒತ್ತಿದ್ದು, ಯಾವ ಕೀಲು ಎಷ್ಟು ಸಡಿಲವಾಯಿತು, ಎಲ್ಲಿ ನೋವೆಂದರು ಎಂದು ಅವರು ಹೇಳುತ್ತಾ ಹೋಗುತ್ತಾರೆ, ಇವರು ಬರೆಯುತ್ತಾ ಹೋಗುತ್ತಾರೆ. ನಡುವೆ ರೋಗಿ ಮಗಳ ಮದುವೆಯ ಮಾತು ತೆಗೆದು ಶ್ರೀಗೌರಿಯವರ ಕೈ ನಿಂತಿತೋ, ಇವರ ಕಣ್ಣು ಮತ್ತೆ ಗಡಿಯಾರಕ್ಕೆ.

"ಮಾತಾಡಿದ್ದು ಬಿಲ್ಲಿಗೆ ಬರಾಕಿಲ್ಲ. ಕೈ ಇಟ್ಟಿದ್ದು ಮಾತ್ರ" ಎಂದು ನಗುತ್ತಾರೆ.

ದಿನಕ್ಕೆ ಇಪ್ಪತ್ತೈದು ಮೂವತ್ತು ಮಂದಿ ಬರುತ್ತಾರೆ. ಚನ್ನರಾಯಪಟ್ಟಣದ ಮೇಷ್ಟರ ಕುತ್ತಿಗೆ, ಹೊಳೆನರಸೀಪುರದ ದರ್ಜಿಯ ಸೊಂಟ, ಯಾರದೋ ಮಂಡಿ. ಕರೆಂಟು ಕೊಟ್ಟಿದ್ದಕ್ಕೆ ಒಂದು ಸಾಲು, ಶಾಖ ಕೊಟ್ಟಿದ್ದಕ್ಕೆ ಒಂದು ಸಾಲು, ಕೈಚಿಕಿತ್ಸೆಗೆ ಬೇರೆಯೇ ಸಾಲು. ಹಾಳೆಯಲ್ಲಿ ಇದ್ದದ್ದೇ ಬಿಲ್ಲಿನಲ್ಲೂ ಇರಬೇಕು. ಕೊನೆಗೆ ರೋಗಿಗೆ ಅಂದು ಹೊಸದಾಗಿ ಏನು ಮಾಡಲು ಸಾಧ್ಯವಾಯಿತು ಎಂಬುದನ್ನೂ ಬರೆಯಬೇಕು. "ಕೈ ಎಷ್ಟು ಡಿಗ್ರಿ ಎದ್ದದೆ ಅಂತ ಮೇಡಮ್ ಬರುಸ್ತಾರೆ. ಅದ್ರ ಕೆಳ್ಗೆ 'ಇವತ್ತು ತಾವೇ ತಲೆ ಬಾಚ್ಕೊಂಡ್ರು' ಅಂತ ಬರೀತೀನಿ. ಅಂಗೆ ಬರೀಬೇಕು ಅಂತ ಕಲಿಸ್ಕೊಟ್ಟೋರೂ ಅವ್ರೇಯ."

ಇವತ್ತು ಮೊದಲ ಮಂಚದ ಮೇಲೆ ಕೂತಿರುವವರು ಬೇರೆ ಯಾರೂ ಅಲ್ಲ, ಪ್ರೇಮಕುಮಾರಿಯವರ ಅತ್ತೆ ನೀಲಗಂಗಮ್ಮ. ಬಲ ಭುಜ ಹಿಡಿದುಕೊಂಡು ಕೈ ಎದೆಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಮೂರು ವಾರದಿಂದ ಸೊಸೆಯ ಜೊತೆಯೇ ಬಸ್ಸು ಹತ್ತುತ್ತಿದ್ದಾರೆ. ಇವತ್ತಿಗೆ ಚಿಕಿತ್ಸೆ ಮುಗಿಯುತ್ತದೆ, ಬಿಲ್ಲು ಕೊಡಬೇಕು. ಅದಕ್ಕೇ ಬೆಳಗಿನಿಂದ ಸೊಸೆ ಬಿಲ್ಲಿನ ಪುಸ್ತಕವನ್ನು ಹಾಳೆಗಳ ಕೆಳಗೆ ಸರಿಸುತ್ತಲೇ ಇದ್ದಾರೆ.

ಅದಕ್ಕೆ ಕಾರಣವಿದೆ. ಶಾಂತಿಗ್ರಾಮದ ಸುತ್ತಮುತ್ತ ಯಾರಿಗೆ ಕಾಲು ಉಳುಕಿದರೂ, ಕತ್ತು ಹಿಡಿದರೂ ನಲವತ್ತು ವರ್ಷದಿಂದ ಹೋಗುತ್ತಿದ್ದುದು ನೀಲಗಂಗಮ್ಮನವರ ಜಗುಲಿಗೆ. ಹರಳೆಣ್ಣೆ ಹಚ್ಚಿ ನೀವಿ ಉಳುಕು ತೆಗೆಯುತ್ತಿದ್ದರು. ಒಂದು ಕಾಸು ಮುಟ್ಟಿದವರಲ್ಲ. ಬಲವಂತ ಮಾಡಿದರೆ ಒಂದು ತೆಂಗಿನಕಾಯಿ, ಎಲೆಅಡಿಕೆ, ಅದೂ ದೇವರ ಮುಂದೆ ಇಡಬೇಕು. ಕೈಗೆ ಕಾಸು ಬಿದ್ದರೆ ಕೈಗುಣ ಹೋಗುತ್ತದೆ ಎನ್ನುವುದು ಆ ಮನೆಯ ಕಟ್ಟುಪಾಡು. ಮಗ ಶಿವಯ್ಯನವರಿಗೆ ಹಾಲಿನ ಡೇರಿಯಲ್ಲಿ ಬರುತ್ತಿದ್ದುದು ಸಾಲದೆ ಪಿಯುಸಿ ಓದಿದ್ದ ಪ್ರೇಮಕುಮಾರಿ ಆರು ವರ್ಷದ ಹಿಂದೆ ಕೆಲಸಕ್ಕೆ ಹೊರಟಾಗ ಅತ್ತೆ ಕೇಳಿದ್ದು ಒಂದೇ, ಅಲ್ಲಿ ಏನು ಕೆಲಸ ಎಂದು. "ಬರಿಯೋದು ಅತ್ತೆ" ಎಂದಷ್ಟೇ ಹೇಳಿ ಸೊಸೆ ಬಸ್ಸು ಹತ್ತಿದರು. ಕೈಯಿಂದ ನೀವಿದ್ದಕ್ಕೆ ಬಿಲ್ಲು ಬರೆಯುತ್ತೇನೆ ಎಂದು ಆರು ವರ್ಷವಾದರೂ ಬಾಯಿ ಬಿಟ್ಟಿಲ್ಲ.

ಬಾಯಿ ಬಿಡದಿದ್ದುದು ಹಾಗಿರಲಿ, ಮೊದಮೊದಲು ಬರೆಯುವುದಕ್ಕೇ ಅವರ ಕೈ ಏಳುತ್ತಿರಲಿಲ್ಲ. ಶಾಖ ಬರೆದರು, ಕರೆಂಟು ಬರೆದರು, ಕೈಚಿಕಿತ್ಸೆಯ ಸಾಲು ಬಂದಾಗ ಹಾಳೆಯಲ್ಲೂ ಬಿಟ್ಟರು, ಬಿಲ್ಲಿನಲ್ಲೂ ಬಿಟ್ಟರು. ಮೇಡಮ್ ಅವರ ಕೈಗುಣ ಉಳಿಯಲಿ ಎಂಬ ಒಳ್ಳೆಯ ಮನಸ್ಸೇ. ಕೆಲಸದ ಗಡಿಬಿಡಿಯಲ್ಲಿ ಶ್ರೀಗೌರಿಯವರೂ ನೋಡದೆ ಸಹಿ ಹಾಕಿದರು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಅದರ ಪೆಟ್ಟು ಬಿದ್ದದ್ದು ಅರಕಲಗೂಡಿನ ಬೈರಯ್ಯನವರಿಗೆ. ಕಾರ್ಖಾನೆಯೊಂದರ ಬಸ್ಸಿನ ಡ್ರೈವರು, ಭುಜ ಹಿಡಿದು ರಜೆಯಲ್ಲಿದ್ದರು. ಗುಣವಾಯಿತೆಂದು ಕ್ಲಿನಿಕ್ಕಿನ ಹಾಳೆ ಹಿಡಿದು ಹೋದರೆ ಕಾರ್ಖಾನೆಯ ವೈದ್ಯರು, ಬರೀ ಶಾಖ ಮತ್ತು ಕರೆಂಟಿನಲ್ಲಿ ಇಂಥ ಭುಜ ಬಿಡುವುದುಂಟೇ, ಕೀಲಿಗೆ ಯಾರೂ ಕೈಯನ್ನೇ ಹಚ್ಚಿಲ್ಲವಲ್ಲ ಎಂದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗುಣವಾದದ್ದನ್ನು ಕಾರ್ಖಾನೆಯವರು ನಂಬದೆ ಬೈರಯ್ಯನವರಿಗೆ ಸ್ಟಿಯರಿಂಗ್ ಬದಲು ಗೇಟು ಕಾಯುವ ಕೆಲಸ ಸಿಕ್ಕಿತು.

ಪ್ರೇಮಕುಮಾರಿ ಬೈರಯ್ಯನವರ ಎದುರೇ ಶ್ರೀಗೌರಿಯವರಿಗೆ ಅಳುತ್ತಲೇ ಎಲ್ಲವನ್ನೂ ಹೇಳಿದರು. ಈಗ ಸೇರಿಸಿ ಬರೆದುಬಿಡಲೇ ಎಂದೂ ಕೇಳಿದರು. ಶ್ರೀಗೌರಿ ಒಪ್ಪಲಿಲ್ಲ. "ಅವತ್ತು ಬರೀದೇ ಇದ್ದದ್ದನ್ನ ಇವತ್ತು ಬರೆದರೆ ಸುಳ್ಳು ಬರೆದ ಹಾಗೇ ಆಗತ್ತೆ ಪ್ರೇಮಾ. ಸಹಿ ಹಾಕಿದವಳು ನಾನೂ ನೋಡಬೇಕಿತ್ತು. ಇವತ್ತಿಂದ ಬರಿ." ಉಳಿದಿದ್ದ ಬಿಗಿತಕ್ಕೆ ಬೈರಯ್ಯನವರು ಮತ್ತೊಂದು ತಿಂಗಳು ಬಂದರು, ಬಿಟ್ಟಿಯಾಗಿಯೇ ಚಿಕಿತ್ಸೆ ನಡೆಯಿತು, ಕೈ ಇಟ್ಟ ಪ್ರತಿ ಹೊತ್ತೂ ಹಾಳೆಗೆ ಬಂತು. ಅದನ್ನು ತೋರಿಸಿ, ವೈದ್ಯರೆದುರು ಕೈ ಎತ್ತಿ, ಸ್ಟಿಯರಿಂಗ್ ವಾಪಸು ಪಡೆದರು.

"ಆಯಮ್ಮ ಅಳ್ತಾ ನಿಂತಿದ್ದು ನೋಡಿ ನಂಗೇ ಪಾಪ ಅನ್ನುಸ್ಬುಡ್ತು. ಬುಡವ್ವ, ಗೇಟ್ ಕಾದ್ರೂ ಒಟ್ಟೆ ತುಂಬ್ತದೆ ಅಂದೆ" ಎನ್ನುತ್ತಾರೆ ಬೈರಯ್ಯ. ಈಗಲೂ ಈ ಬೀದಿಯಲ್ಲಿ ಬಸ್ಸು ಬಂದರೆ ಒಂದು ಹಾರನ್ನು ಹೊಡೆದೇ ಹೋಗುವುದು.

ಮತ್ತೆ ಮೊದಲ ಮಂಚಕ್ಕೆ ಬಂದರೆ, ನೀಲಗಂಗಮ್ಮನವರ ಭುಜದ ಚಿಕಿತ್ಸೆ ಮುಗಿದಿದೆ. "ನಿಮ್ಮತ್ತೆಗೆ ಬಿಲ್ ಬೇಡ ಪ್ರೇಮಾ" ಎಂದು ಶ್ರೀಗೌರಿ ಕೈ ತೊಳೆಯಲು ಹೋಗುತ್ತಾರೆ. ಬದುಕಿದೆಯಾ ಬಡಜೀವವೇ ಎಂದು ಪ್ರೇಮಕುಮಾರಿ ಉಸಿರು ಬಿಡುವಷ್ಟರಲ್ಲಿ ಮುದುಕಿ ಸೆರಗಿನ ಗಂಟು ಬಿಚ್ಚುತ್ತಾರೆ.

"ಎಲ್ಲವ್ವ ಬಿಲ್ಲು? ಬರ್ದು ಓದು."

ಸೊಸೆ ಬರೆಯುತ್ತಾರೆ. ಶಾಖ ಎಂದು ಓದುತ್ತಾರೆ, ಕರೆಂಟು ಎಂದು ಓದುತ್ತಾರೆ. ಅಷ್ಟಕ್ಕೇ ಗೆರೆ ಎಳೆದು ಮೊತ್ತ ಹಾಕಲು ಹೋಗುತ್ತಾರೆ.

"ಕೈ ಇಟ್ಟಿದ್ದು?"

ಪ್ರೇಮಕುಮಾರಿ ಬಿಲ್ಲನ್ನು ಮಡಿಸಲು ನೋಡುತ್ತಾರೆ.

"ದಿನಾ ಶುರು ಶುರು ಅಂತಿದ್ರಲ್ಲ, ನಂಗೇನ್ ಕಿವಿ ಇಲ್ವಾ? ನೀನು ಏನ್ ಬರೀತೀಯ ಅಂತ ಮೊದುಲ್ನೇ ದಿನಾನೇ ಗೊತ್ತಾಯ್ತು ಕಣೆ" ಎನ್ನುತ್ತಾರೆ ಅತ್ತೆ. ಸಿಟ್ಟಿಲ್ಲ. ಟವೆಲ್ಲು ಹಿಡಿದು ಬಂದ ಶ್ರೀಗೌರಿಯವರ ಕೈಯನ್ನೇ ಹಿಡಿದು ತೋರಿಸುತ್ತಾರೆ. "ಈ ತಾಯಿ ಎಬ್ಬೆಟ್ಟು ನೋಡು, ಎಂಗೆ ಊದ್ಕಂಡದೆ. ಉಳುಕು ತೆಗ್ದ ದಿನ ನಂದೂ ಇಂಗೇ ಊದ್ಕತಿತ್ತು, ಯಾರೂ ಕೇಳ್ತಿರ್ನಿಲ್ಲ. ನಂಗೆ ಸುಮ್ಕೆ ಬಂದಿತ್ತು, ಸುಮ್ಕೆ ಕೊಟ್ಟೆ. ಇವ್ರು ಕಷ್ಟಪಟ್ಟು ಕಲ್ತವ್ರೆ. ಬರಿ."

ಪ್ರೇಮಕುಮಾರಿ ಕಣ್ಣೊರೆಸಿಕೊಂಡು ಕೈಚಿಕಿತ್ಸೆಯ ಸಾಲು ಬರೆಯುತ್ತಾರೆ. ಆರು ವರ್ಷದ ಭಾರ ಇಳಿದ ಸಂತೋಷ ಮುಖದಲ್ಲಿ ಕಾಣುತ್ತದೆ. ದುಡ್ಡು ಕೊಟ್ಟ ಮೇಲೆ ಮುದುಕಿ ಚೀಲದಿಂದ ಒಂದು ತೆಂಗಿನಕಾಯಿ, ಎಲೆಅಡಿಕೆ ತೆಗೆದು ಗೋಡೆಯ ಹಲಗೆಯ ಮೇಲಿರುವ ನರಸಿಂಹಸ್ವಾಮಿಯ ಪಟದ ಮುಂದೆ ಇಟ್ಟು, "ಇದು ಬಿಲ್ಲಿಗೆ ಬರಾಕಿಲ್ಲ" ಎನ್ನುತ್ತಾರೆ.

"ಬಿಲ್ಲಿಗೆ ಬರಾಕಿಲ್ಲ ಅತ್ತೆ, ಆಳೆಗೆ ಬತ್ತದೆ" ಎಂದು ಸೊಸೆ ರಟ್ಟು ಎತ್ತಿಕೊಳ್ಳುತ್ತಾರೆ. ಆ ಹಲಗೆ ಇರುವುದು ಮುದುಕಿಯ ತಲೆಗಿಂತ ಒಂದು ಗೇಣು ಮೇಲೆ. ಡಿಗ್ರಿಯ ಕೆಳಗೆ ಅವರು ಬರೆಯುತ್ತಾರೆ: ಇವತ್ತು ದೇವರ ಮುಂದೆ ಕಾಯಿ ಇಟ್ಟರು. ಬಲಗೈಯಲ್ಲೇ.