ಅಕ್ಕ ಗೀಟು ಹಾಕಿದ ಪದ್ಯ

ನಾನು ಚಿಕ್ಕವನಿದ್ದಾಗ, ಅಂದರೆ ನನ್ನ ಮುಂದಿನ ಎರಡು ಹಲ್ಲು ಬಿದ್ದಿದ್ದ ವರ್ಷ, ದೆಹಲಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ನಮ್ಮ ಮನೆಯಿತ್ತು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಪ್ರತಿ ಭಾನುವಾರ ಅಕ್ಕ ತಾರಸಿಯ ಮೇಲೆ ಚಾಪೆ ಹಾಸಿ, ಅಕ್ಕಪಕ್ಕದ ಕನ್ನಡದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಬರೆಯಲು ಕಲಿಸುತ್ತಿದ್ದಳು. ಬೆನ್ನಿಗೆ ಚಳಿಗಾಲದ ಬಿಸಿಲು, ಕೈಗೆಲ್ಲ ಕಿತ್ತಳೆ ಸಿಪ್ಪೆಯ ವಾಸನೆ. ಆಹಾ, ಆ ಸುಖವನ್ನು ಏನೆಂದು ಹೇಳಲಿ ಮಕ್ಕಳೇ!

ಆ ಭಾನುವಾರವೇ ಸಂಕ್ರಾಂತಿ ಬಂದಿತ್ತು. ಸಂಜೆ ಕನ್ನಡದವರೆಲ್ಲ ಮನೆಗಳ ಮುಂದಿನ ಹುಲ್ಲಿನ ಮೇಲೆ ಸೇರಿ ಎಳ್ಳುಬೆಲ್ಲ ಹಂಚುವುದು ನಮ್ಮಲ್ಲಿ ರೂಢಿ. ಅಲ್ಲಿ ಒಂದೇ ಒಂದು ಮಗುವಿಗೆ ತಾನೇ ಬರೆದ ಪದ್ಯ ಓದುವ ಅವಕಾಶ. ಯಾರೆಂದು ಆರಿಸುವವಳು ಅಕ್ಕ. ಆ ಮಗು ನಾನೇ ಆಗಬೇಕೆಂದು ನನಗೆ ಹುಚ್ಚು ಹಿಡಿದಿತ್ತು. ತಮ್ಮನಲ್ಲವೇ, ಆರಿಸದೆ ಎಲ್ಲಿ ಹೋಗುತ್ತಾಳೆ ಎಂಬ ಜಂಬವೂ ಇತ್ತು.

ಒಂದೇ ಉಸಿರಿಗೆ ಪದ್ಯ ಬರೆದು ಒಪ್ಪಿಸಿದೆ. ಅದರಲ್ಲಿ ತೆಂಗಿನ ತೋಟವಿತ್ತು, ತುಂಬಿ ಹರಿಯುವ ಹೊಳೆಯಿತ್ತು, ಕೋಗಿಲೆಯೂ ಇತ್ತು.

"ತೆಂಗಿನ ತೋಟ ಎಲ್ಲಿ ನೋಡಿದ್ದೀಯೋ?" ಎಂದಳು ಅಕ್ಕ.

"ನೋಡಿಲ್ಲ. ಆದ್ರೆ ಕನ್ನಡ ಪದ್ಯ ಅಲ್ವಾ ಅಕ್ಕ, ಅದೆಲ್ಲ ಇರಲೇಬೇಕಲ್ಲ!"

ಅಕ್ಕ ನಗುತ್ತಾ ಇಡೀ ಪದ್ಯಕ್ಕೆ ಗೀಟು ಎಳೆದಳು. "ಇವತ್ತು ಬೆಳಗ್ಗೆ ನೀನೇ ಕಣ್ಣಾರೆ ನೋಡಿದ್ದನ್ನ ಬರಿ."

ಬೆಳಗ್ಗೆ ನೋಡಿದ್ದು ಕಡಲೆಕಾಯಿ ಮಾರುವ ಭಯ್ಯಾನನ್ನು. ದಟ್ಟ ಮಂಜಿನಲ್ಲಿ ಅವನ ಬುಟ್ಟಿಯಾಗಲಿ, ಮುಖವಾಗಲಿ ಕಾಣುತ್ತಿರಲಿಲ್ಲ. ಕಡಲೆಕಾಯಿ ರಾಶಿಯ ಮೇಲೆ ಕೆಂಡ ತುಂಬಿದ ಪುಟ್ಟ ಮಡಕೆ ಇಟ್ಟುಕೊಂಡಿರುತ್ತಿದ್ದ. ಅದರ ಘಮ ಮಾತ್ರ ಮೊದಲು ಬರುತ್ತಿತ್ತು. ನಾನು ‘ಕಡಲೆಕಾಯಿ ತುಂಬಾ ರುಚಿ’ ಎಂದು ಬರೆದೆ. ಅದಕ್ಕೂ ಗೀಟು! "ರುಚಿ ಅಂತ ನೀನು ಹೇಳಬೇಡ. ಕೇಳಿದವರ ಬಾಯಲ್ಲಿ ನೀರೂರಬೇಕು," ಎಂದಳು.

ನನಗೆ ಅಳು ಬಂತು. ಹಾಳೆ ಎತ್ತಿಕೊಂಡು ಕೆಳಗಿಳಿದು ಅಪ್ಪನ ಹತ್ತಿರ ದೂರು ಕೊಟ್ಟೆ. ಅಪ್ಪ ಹಾಳೆಯನ್ನು ಮಗುಚಿದರು. ಕಚೇರಿಯಲ್ಲಿ ಬೇಡವೆಂದು ಬಿಸಾಡುವ, ಒಂದು ಬದಿ ಖಾಲಿಯಿರುವ ಹಾಳೆಗಳಲ್ಲೇ ನಾವು ಬರೆಯುತ್ತಿದ್ದೆವು. ಹಿಂಬದಿಯಲ್ಲಿ ಅಪ್ಪ ಟೈಪ್ ಮಾಡಿದ ಕಾಗದ, ಅದರ ತುಂಬಾ ಕೆಂಪು ಶಾಯಿಯ ಗೀಟುಗಳು.

"ನಮ್ಮ ಸಾಹೇಬರು ಹೊಡೆದು ಹಾಕಿದ್ದು. ಇದು ಮೂರು ಸಲ ವಾಪಸ್ ಬಂತು. ನಾನೇನು ಅತ್ಕೊಂಡು ಮನೆಗೆ ಬಂದ್ನಾ? ಚಲೋ, ಹೋಗಿ ಬರಿ," ಎಂದರು ಅಪ್ಪ.

ನನ್ನ ಅಪ್ಪನಿಗೂ ಗೀಟು! ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. ಬರೆದೆ, ಚಪ್ಪಾಳೆ ತಟ್ಟುತ್ತಾ ಗಟ್ಟಿಯಾಗಿ ಓದಿದೆ, ತಾಳ ತಪ್ಪಿದ ಕಡೆ ನಾನೇ ಹೊಡೆದು ಹಾಕಿದೆ, ಮತ್ತೆ ಬರೆದೆ. ಊಟದ ಹೊತ್ತಿಗೆ ಅಕ್ಕನ ಪೆನ್ಸಿಲ್ ಸುಮ್ಮನಾಯಿತು. "ಸಂಜೆ ನೀನೇ ಓದು," ಎಂದಳು. ಊಟ ಅರ್ಧಕ್ಕೇ ಬಿಟ್ಟು ಪದ್ಯವನ್ನು ಮತ್ತೆ ಮತ್ತೆ ಓದಿಕೊಂಡೆ.

ಸಂಜೆ ಎಲ್ಲರೆದುರು ನಿಂತು, ಹಲ್ಲಿಲ್ಲದ ಬಾಯಲ್ಲಿ ಓದಿದೆ:

ಮಂಜಿನೊಳಗೆ ಭಯ್ಯಾ ಬಂದ
ಮುಖವೇ ಕಾಣಲಿಲ್ಲ
ಕಡಲೆಕಾಯಿ ಘಮ್ಮೆಂದಾಗ
ಓಡಿ ಬಂದೆವೆಲ್ಲ!

ಮಕ್ಕಳೆಲ್ಲ "ಇನ್ನೊಂದ್ಸಲ!" ಎಂದು ಕೂಗಿದರು. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಸಂತೋಷ ನನಗೆ ಆಮೇಲೆ ನೌಕರಿ ಸಿಕ್ಕಾಗಲೂ ಆಗಲಿಲ್ಲ.

ಈಗ ನಾವಿರುವುದು ಗ್ರೇಟರ್ ನೋಯ್ಡಾದ ಹದಿನೆಂಟನೇ ಮಹಡಿಯಲ್ಲಿ. ಕಡಲೆಕಾಯಿಯ ಘಮ ಇಷ್ಟು ಎತ್ತರಕ್ಕೆ ಬರುವುದಿಲ್ಲ, ಪ್ಯಾಕೆಟ್ ಮಾತ್ರ ಬಾಗಿಲಿಗೆ ಬರುತ್ತದೆ. ನನ್ನ ಮೊಮ್ಮಗಳು ಟ್ಯಾಬ್‌ನಲ್ಲಿ ಬರೆಯುತ್ತಾಳೆ. ಬೆರಳು ಒತ್ತಿದರೆ ತಪ್ಪು ಗುರುತೇ ಇಲ್ಲದೆ ಮಾಯ. ಮೊನ್ನೆ ಅವಳಿಗೆ ಆ ಹಳೆಯ ಹಾಳೆ ತೋರಿಸಿದೆ. ಒಂದು ಬದಿ ಸಾಹೇಬರ ಗೀಟು, ಇನ್ನೊಂದು ಬದಿ ಅಕ್ಕನದು.

"ಇತ್ನೀ ಸಾರೀ ಮಿಸ್ಟೇಕ್ಸ್! ಅಜ್ಜ, ಇಷ್ಟೊಂದು ತಪ್ಪು, ಎಲ್ಲ ನಿಮ್ದಾ?" ಎಂದು ಕಣ್ಣರಳಿಸಿದಳು.

"ಈ ಬದಿಯದೆಲ್ಲ ನಂದೇ, ಆ ಬದಿಯದು ನಮ್ಮಪ್ಪಂದು," ಎಂದೆ, ಹೆಮ್ಮೆಯಿಂದ.

"ಅಚ್ಛಾ, ನನಗೂ ಒಂದು ಪೇಪರ್ ಕೊಡಿ," ಎಂದು ನೆಲದ ಮೇಲೆ ಕೂತು ಬರೆದೇಬಿಟ್ಟಳು: ‘ನಮ್ಮ ಲಿಫ್ಟ್ ತುಂಬಾ ಚೆನ್ನಾಗಿದೆ.’

ನಾನು ಪೆನ್ಸಿಲ್ ಕೈಗೆತ್ತಿಕೊಂಡೆ.