ಹಾಲಿನ ಪಾತ್ರೆಯ ಮೇಲಿನ ಗಾಲಿ

ನಮ್ಮ ಅಡುಗೆಮನೆಯಲ್ಲಿ ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಕೆಲವು ತಿಂಗಳು ಒಂದು ಕಬ್ಬಿಣದ ಗಾಲಿ ಕುಳಿತಿತ್ತು. ಅಂಗೈಗಿಂತ ತುಸು ಅಗಲ, ಅಂಚಿಗೊಂದು ಹಿಡಿಕೆ. ಮೈಯೆಲ್ಲ ಕಪ್ಪಾಗಿದ್ದರೂ ಹಿಡಿಕೆ ಮಾತ್ರ ತಿಕ್ಕಿಟ್ಟ ಲೋಟದಂತೆ ಹೊಳೆಯುತ್ತಿತ್ತು. ಬೆಕ್ಕಿನಿಂದ ಹಾಲು ಕಾಯಲು ಅದಕ್ಕಿಂತ ಒಳ್ಳೆಯ ಭಾರ ಅವ್ವನಿಗೆ ಸಿಕ್ಕಿರಲಿಲ್ಲ. ಚಹಾಕ್ಕೆ ಹಾಲು ಬಗ್ಗಿಸಲು ಅದನ್ನು ಎತ್ತಿಡುವಾಗಲೆಲ್ಲ ನನಗೆ ಮಾತ್ರ ಯಾರದೋ ಕೈ ಹಿಡಿದು ಬದಿಗೆ ಸರಿಸಿದಂತಾಗುತ್ತಿತ್ತು.

ಅದು ಅಪ್ಪನ ಮಿಲ್ಲಿಂಗ್ ಮಷಿನ್ನಿನ, ಎಂದರೆ ಕಬ್ಬಿಣ ಕೊರೆಯುವ ಯಂತ್ರದ ಗಾಲಿ. ಶಿಗ್ಗಾಂವಿಯಲ್ಲಿ, ಸವಣೂರಿನ ರಸ್ತೆಗೆ ಮುಖ ಮಾಡಿದ ನಮ್ಮ ಮನೆಯ ಮುಂದಿನ ಶೆಡ್ಡಿನಲ್ಲಿ ಅದನ್ನು ತಿರುಗಿಸುತ್ತ ಅಪ್ಪ ಹಿಟ್ಟಿನ ಗಿರಣಿಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ. ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ ಮಷಿನ್ ನಿಂತಿತು. ಅಪ್ಪ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ಹೋಗಿಬರುವ ಬಸ್ಸು ನೋಡತೊಡಗಿದ. ಧಾರವಾಡದಲ್ಲಿ ಇಂಜಿನಿಯರಿಂಗ್ ಓದಿ ಬಂದ ಮಗಳು ನಾನು, ಕೈಯೇ ಬೇಡದಂತೆ ಮಷಿನ್ನನ್ನು ಕಂಪ್ಯೂಟರಿಗೆ ಒಪ್ಪಿಸಿದರೆ ಅಪ್ಪ ಮತ್ತೆ ಕೆಲಸಕ್ಕೆ ನಿಂತಾನು ಎಂದುಕೊಂಡೆ. ಕಂಪ್ಯೂಟರೇ ನಡೆಸುವ ಹೊಸ ಸಿಎನ್‌ಸಿ ಮಷಿನ್ ನಮ್ಮ ಕೈಗೆಟುಕುವಂಥದ್ದಲ್ಲ. ಹುಬ್ಬಳ್ಳಿಯ ಗುಜರಿಯಿಂದ ಮೋಟಾರು ಆರಿಸಿ ತಂದೆ, ಕಾಲೇಜಿನ ಹಳೆಯ ಲ್ಯಾಪ್‌ಟಾಪಿಗೆ ತಂತಿ ಎಳೆದೆ. ಮೋಟಾರು ಕೂರಿಸಲು ಗಾಲಿಯನ್ನು ಬಿಚ್ಚಬೇಕಾಯಿತು. ಅಪ್ಪ ಅದನ್ನು ಎಡಗೈಯಲ್ಲಿ ತೂಗಿ ನೋಡಿ ಅವ್ವನಿಗೆ ಕೊಟ್ಟ.

"ತಗೋ, ಇನ್ನ ನಿಮ್ಮಪ್ಪ ಹಾಲ ಕಾಯಾಕ ಕುಂತಂಗಾತು," ಎಂದು ಅವ್ವ ನಕ್ಕಳು. ಅಪ್ಪ ನಗಲಿಲ್ಲ.

ಹಳೆಯ ಮಷಿನ್ನುಗಳಿಗೆ ಒಂದು ಸ್ವಭಾವವಿರುತ್ತದೆ. ದಿಕ್ಕು ಬದಲಿಸಿ ತಿರುಗಿಸಿದರೆ ಮೊದಲ ಒಂದಿಷ್ಟು ತಿರುವಿಗೆ ಗಾಲಿ ಮಾತ್ರ ತಿರುಗುತ್ತದೆ, ಅದರ ಉದ್ದ ಸ್ಕ್ರೂ ಸರಿಸಬೇಕಾದ, ಕೊರೆಯುವ ಕಬ್ಬಿಣ ಕೂರಿಸಿದ ಮೇಜು ಕದಲುವುದಿಲ್ಲ; ನಡುವಿನ ಸಡಿಲು ತುಂಬಿದ ಮೇಲಷ್ಟೇ ಕದಲುತ್ತದೆ. ನಿಮ್ಮ ಮನೆಯಲ್ಲೂ ಇಂಥ ಸಡಿಲು ಇದ್ದೀತು. ನಮ್ಮಲ್ಲಂತೂ ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಉತ್ತರ ಬರುತ್ತದೆ, ಅಷ್ಟರಲ್ಲಿ ಕೇಳಿದವರು ಬೇರೆಲ್ಲೋ ಇರುತ್ತಾರೆ.

ಪರೀಕ್ಷೆಗೆಂದು ಮಷಿನ್ ಮೊದಲು ಕೊರೆದ ವೃತ್ತ ಎರಡು ಕಡೆ ಕಚ್ಚಿಟ್ಟ ಬಿಸ್ಕೀಟಿನಂತೆ ಬಂತು. ಸಡಿಲನ್ನು ಅಳೆದು ಕಂಪ್ಯೂಟರಿಗೆ ಹೇಳಿದ್ದೆನಲ್ಲ ಎಂದು ಗೇಜು ಹಿಡಿದು ಉದ್ದಕ್ಕೂ ಮತ್ತೆ ಅಳೆದೆ. ನಾನು ಮೊದಲು ಅಳೆದದ್ದು ಮೇಜನ್ನು ಪೂರ್ತಿ ಒಂದು ತುದಿಗೆ ಸರಿಸಿ. ಅಲ್ಲಿ ಸ್ಕ್ರೂ ಹೊಸದರಂತೆ ಬಿಗಿ. ಸವೆದದ್ದು ನಡುಭಾಗ ಮಾತ್ರ. ಅಪ್ಪ ಯಾವಾಗಲೂ ಕೆಲಸ ಕೂರಿಸುತ್ತಿದ್ದದ್ದು ಅಲ್ಲೇ; ಅವನ ಇಷ್ಟು ವರ್ಷದ ತಿರುಗಿಸುವಿಕೆ ಉಕ್ಕಿನಲ್ಲಿ ಒಂದು ತಗ್ಗಾಗಿ ಉಳಿದಿತ್ತು. ಹೊಸ ಸ್ಕ್ರೂ ಕೊಳ್ಳಲು ಆಗುತ್ತಿರಲಿಲ್ಲ. ಕೊಳ್ಳುವ ಮನಸ್ಸೂ ಆಮೇಲೆ ಉಳಿಯಲಿಲ್ಲ. ನಡುವಿನ ಸಡಿಲನ್ನೇ ಕಂಪ್ಯೂಟರಿಗೆ ಹೇಳಿಕೊಟ್ಟೆ. ಮೋಟಾರಿನ ಹಿಂಬದಿಯಲ್ಲೂ ಒಂದು ದಂಡ ಹೊರಚಾಚಿ ಬರಿದೇ ಇತ್ತು. ಹಾಲಿನ ಪಾತ್ರೆಯ ಮೇಲಿಂದ ಗಾಲಿ ತಂದು ಅದಕ್ಕೆ ಬಿಗಿದೆ.

ಮಷಿನ್ ಶುರುವಾಯಿತು. ದಿಕ್ಕು ಬದಲಾಗುವಾಗಲೆಲ್ಲ ಗಾಲಿ ಮೊದಲು ಮಿಸುಕುತ್ತಿತ್ತು, ಮೇಜು ಕಾಯುತ್ತಿತ್ತು, ಆಮೇಲೆ ಹೊರಡುತ್ತಿತ್ತು. ಅಪ್ಪ ಬೆಂಚಿನಿಂದ ಎದ್ದು ಬಂದ.

"ದುಂಡಗ ಬಂತು ನೋಡಪ್ಪಾ."

ಅವನು ವೃತ್ತ ನೋಡಲಿಲ್ಲ, ಗಾಲಿ ನೋಡುತ್ತಿದ್ದ. "ಥೇಟ್ ನನ್ನಂಗ ತಿರಗಾಕತ್ತೈತಿ. ಹಂಗಾದ್ರ ನಾ ಇನ್ನ ಯಾತಕ್ಕ ಬೇಕವ್ವಾ?" ಎಂದು ನನ್ನನ್ನು ಕೇಳಿದ.

ಕರೆಂಟು ಆರಿಸಿ ಚಹಾ ತರುವ ನೆಪದಲ್ಲಿ ಒಳಗೆ ಹೋದೆ.

ಎರಡು ಲೋಟ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಂತೆ. ಅಪ್ಪ ಮಷಿನ್ನಿನ ಮುಂದೆ ನಿಂತು, ಹೊಳೆಯುವ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದು ತುಸು ಆಚೆ, ತುಸು ಈಚೆ ಆಡಿಸುತ್ತಿದ್ದ. ಮೇಜು ಕದಲದಷ್ಟೇ. ತಾನೇ ಸವೆಸಿದ ಆ ಸಡಿಲಿನ ಒಳಗೇ.

ಒಳಗಿನಿಂದ ಅವ್ವ ಕೂಗಿದಳು: "ಹಾಲಿನ ಮ್ಯಾಲಿನ ಗಾಲಿ ಯಾರ ಒಯ್ದೀರಿ? ಬೆಕ್ಕ ಬಂದೈತಿಲ್ಲಿ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಗಟ್ಟಿಯಾಗಿ ಹೇಳಿದ: "ನಾ ಒಯ್ದೇನಿ. ನನಗ ಬೇಕಾಗೈತಿ. ಅಲ್ಲೆ ಒಂದ ಕಲ್ಲ ಇಡು."